ಟಿಎಂಸಿ, ಕ್ಯುಸೆಕ್, ಅಡಿ: ನೆರೆಯ ಫಾರ್ವರ್ಡ್‌ಗಳಲ್ಲಿ ಲೆಕ್ಕ ತಪ್ಪುವುದು ಎಲ್ಲಿ?

ಮಳೆಗಾಲದಲ್ಲಿ ಕೃಷ್ಣಾ, ದೂಧಗಂಗಾ, ವೇದಗಂಗಾ ನದಿಗಳು ತುಂಬಿದರೆ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲ್ಲೂಕುಗಳ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಅಂಕಿಗಳೂ ಹರಿಯತೊಡಗುತ್ತವೆ. 'ಕೊಯ್ನಾದಲ್ಲಿ 105 ಟಿಎಂಸಿ ನೀರಿದೆ, 50,000 ಕ್ಯುಸೆಕ್ ಬಿಟ್ಟಿದ್ದಾರೆ, ನಾಳೆಯೊಳಗೆ ಅಷ್ಟೂ ನೀರು ನಮ್ಮೂರಿಗೆ' ಎಂಬ ಧಾಟಿಯ ಸಂದೇಶಗಳನ್ನು ನೀವೂ ನೋಡಿರಬಹುದು. ಇಲ್ಲಿ ಎರಡು ಅಂಕಿಗಳೂ ನಿಜವಿರಬಹುದು. ಆದರೂ ಅವುಗಳಿಂದ ತೆಗೆದ ತೀರ್ಮಾನ ತಪ್ಪು. ಏಕೆ?

ಎಲ್ಲ ಅಂಕಿಯೂ ಒಂದೇ ಜಾತಿಯದಲ್ಲ

ನದಿಮಟ್ಟವನ್ನು ಅಡಿಯಲ್ಲಿ ಹೇಳುತ್ತಾರೆ. ಅದು ಉದ್ದದ ಅಳತೆ. ಮುಳುಗಿದ ಹೊಲವನ್ನು ಎಕರೆಯಲ್ಲಿ ಹೇಳುತ್ತಾರೆ. ಅದು ವಿಸ್ತೀರ್ಣ, ಅಂದರೆ ಉದ್ದವನ್ನು ಉದ್ದದಿಂದ ಗುಣಿಸಿದ್ದು. ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ ನೀರು. ಇದರಲ್ಲಿ ಉದ್ದ ಮೂರು ಬಾರಿ ಗುಣಿಸಲ್ಪಟ್ಟಿದೆ. ಕ್ಯುಸೆಕ್ ಎಂದರೆ ಪ್ರತಿ ಸೆಕೆಂಡಿಗೆ ಒಂದು ಘನ ಅಡಿ. ಇದು ನೀರಿನ ಪ್ರಮಾಣವಲ್ಲ, ಹರಿವಿನ ವೇಗದ ಲೆಕ್ಕ.

ಪ್ರತಿ ಅಳತೆಗೂ ಒಂದು ದರ್ಜೆ ಕೊಡೋಣ. ಉದ್ದಕ್ಕೆ 1, ವಿಸ್ತೀರ್ಣಕ್ಕೆ 2, ಟಿಎಂಸಿಗೆ 3. ಕ್ಯುಸೆಕ್‌ಗೆ ಉದ್ದದ ದರ್ಜೆ 3, ಜತೆಗೆ ಕಾಲದ ದರ್ಜೆ −1. 'ಪ್ರತಿ ಸೆಕೆಂಡಿಗೆ' ಎಂದು ಭಾಗಿಸಿರುವುದರಿಂದ ಈ ಋಣ ಚಿಹ್ನೆ. ಇನ್ನು ನಿಯಮಗಳು ಎರಡೇ:

1. ಕೂಡಿ ಒಂದೇ ಅಂಕಿ ಮಾಡಬೇಕಾದರೆ ದರ್ಜೆ ಒಂದೇ ಆಗಿರಬೇಕು.
2. ಗುಣಿಸುವಾಗ ದರ್ಜೆಗಳು ಕೂಡಿಕೊಳ್ಳುತ್ತವೆ.

ಹೀಗೆ ಕೂಡುವ, ಕಳೆಯುವ, ಗುಣಿಸುವ ವಸ್ತುಗಳನ್ನು ದರ್ಜೆವಾರು ವಿಂಗಡಿಸಿಟ್ಟ ವ್ಯವಸ್ಥೆಗೆ ಬೀಜಗಣಿತದಲ್ಲಿ 'ಗ್ರೇಡೆಡ್ ರಿಂಗ್' ಎನ್ನುತ್ತಾರೆ. ಹೆಸರು ಹೊಸದಾಗಿ ಕೇಳಿಸಿದರೂ ನೀವು ಶಾಲೆಯಲ್ಲೇ ಇದನ್ನು ಕಲಿತಿದ್ದೀರಿ. 3x + 5x ಎಂದರೆ 8x. ಆದರೆ 3x + 5x² ಹಾಗೆಯೇ ಉಳಿಯುತ್ತದೆ, ಏಕೆಂದರೆ ಅವು ವಿಜಾತಿ ಪದಗಳು. ಪಕ್ಕಪಕ್ಕ ಬರೆಯಬಹುದು, ಬೆರೆಸುವಂತಿಲ್ಲ. 12ನೇ ಶತಮಾನದಲ್ಲಿ ಭಾಸ್ಕರಾಚಾರ್ಯರು 'ಬೀಜಗಣಿತ' ಗ್ರಂಥದಲ್ಲಿ ಹೇಳಿದ್ದೂ ಇದನ್ನೇ: ಒಂದೇ ಜಾತಿಯವನ್ನು ಕೂಡಬೇಕು, ಬೇರೆ ಜಾತಿಯವನ್ನು ಬೇರೆಯಾಗಿಯೇ ಇಡಬೇಕು.

ಸರಿಯಾದ ಲೆಕ್ಕ ಹೇಗೆ?

ರಾಜಾಪುರ ಬ್ಯಾರೇಜ್‌ನಿಂದ ಬರುವ ಕೃಷ್ಣೆಯ ಹರಿವಿಗೆ ದೂಧಗಂಗೆಯ ಹರಿವನ್ನು ಕೂಡಿ ಕಲ್ಲೋಳದ ಬಳಿ ಒಟ್ಟು ಇಷ್ಟು ಕ್ಯುಸೆಕ್ ಎಂದು ಸುದ್ದಿಯಲ್ಲಿ ಹೇಳುತ್ತಾರೆ. ಉದಾಹರಣೆಗೆ 80,000 ಮತ್ತು 20,000 ಸೇರಿ ಒಂದು ಲಕ್ಷ. ಎರಡೂ ಕ್ಯುಸೆಕ್, ದರ್ಜೆ ಒಂದೇ. ಹಾಗಾಗಿ ಈ ಕೂಡುವಿಕೆ ಸರಿ.

ಈಗ ಫಾರ್ವರ್ಡ್‌ಗೆ ಬರೋಣ. ಟಿಎಂಸಿ ಮತ್ತು ಕ್ಯುಸೆಕ್ ಬೇರೆ ಬೇರೆ ದರ್ಜೆಯವು. ಅವನ್ನು ಹೋಲಿಸಬೇಕಾದರೆ ನಡುವೆ ಕಾಲ ಬರಲೇಬೇಕು. ಒಂದು ದಿನಕ್ಕೆ 86,400 ಸೆಕೆಂಡು. 50,000 ಕ್ಯುಸೆಕ್ ಅನ್ನು ಇದರಿಂದ ಗುಣಿಸಿದರೆ ಕಾಲದ ದರ್ಜೆ −1 ಮತ್ತು +1 ಸೇರಿ ಸೊನ್ನೆಯಾಗುತ್ತದೆ. ಉಳಿಯುವುದು ಬರೀ ನೀರು: 432 ಕೋಟಿ ಘನ ಅಡಿ, ಅಂದರೆ ದಿನಕ್ಕೆ 4.32 ಟಿಎಂಸಿ. ಜಲಾಶಯಕ್ಕೆ ಹೊಸ ನೀರು ಒಂದು ಹನಿಯೂ ಬರದಿದ್ದರೂ, ಅದೇ ವೇಗದಲ್ಲಿ 105 ಟಿಎಂಸಿ ಹೊರಬರಲು ಸುಮಾರು 24 ದಿನ ಬೇಕು. 'ನಾಳೆಯೊಳಗೆ ಅಷ್ಟೂ ನೀರು' ಎಂಬುದು ಸುಳ್ಳು.

ಹಾಗಾದರೆ ಅಪಾಯವಿಲ್ಲವೇ?

ಹಾಗಲ್ಲ. ನೆರೆ ಬರಲು ಜಲಾಶಯ ಪೂರ್ತಿ ಖಾಲಿಯಾಗಬೇಕಿಲ್ಲ. ಕರಾಡದಲ್ಲಿ ಕೊಯ್ನಾ ಸೇರಿದ ಮೇಲೆ ಕೃಷ್ಣೆಗೆ ವಾರಣಾ, ಪಂಚಗಂಗಾ ನದಿಗಳೂ ಕೂಡಿಕೊಳ್ಳುತ್ತವೆ. ಹೊರಹರಿವು ಏರಲೂಬಹುದು. ಆಗಸ್ಟ್ 2019ರ ನೆರೆಯನ್ನು ಈ ಭಾಗದವರು ಮರೆತಿಲ್ಲ. ಕಲ್ಲೋಳ–ಯಡೂರ ಸೇತುವೆ ದಾಟಬಹುದೇ ಎಂಬುದನ್ನು ಹೇಳುವುದು ಟಿಎಂಸಿಯಲ್ಲ, ಅಲ್ಲಿನ ನೀರಿನ ಮಟ್ಟ. ಒಂದೇ ಪ್ರಮಾಣದ ಕ್ಯುಸೆಕ್ ಅಗಲವಾದ ಪಾತ್ರದಲ್ಲಿ ಕಡಿಮೆ, ಕಿರಿದಾದ ಕಡೆ ಹೆಚ್ಚು ಎತ್ತರಕ್ಕೆ ಏರುತ್ತದೆ. ಕ್ಯುಸೆಕ್ ನೋಡಿ ಅಡಿಯನ್ನು ಊಹಿಸಬೇಡಿ, ಆಡಳಿತದ ಎಚ್ಚರಿಕೆಯನ್ನು ಪಾಲಿಸಿ.

ಪರಿಹಾರದ ರೂಪಾಯಿ ಯಾವ ದರ್ಜೆ?

ನೆರೆ ಇಳಿದ ಮೇಲೆ ಬೆಳೆ ಪರಿಹಾರದ ಫಾರ್ವರ್ಡ್‌ಗಳು ಬರುತ್ತವೆ. ರೂಪಾಯಿಯನ್ನು ರೂಪಾಯಿಯಿಂದ ಗುಣಿಸಿದರೆ ಅರ್ಥವಿಲ್ಲ. ಆದರೆ 'ಪ್ರತಿ ಹೆಕ್ಟೇರಿಗೆ ಇಷ್ಟು' ಎಂಬ ದರವನ್ನು ಹೆಕ್ಟೇರಿನಿಂದ ಗುಣಿಸಬಹುದು. ದರದ ದರ್ಜೆ −2, ಹೊಲದ ದರ್ಜೆ 2, ಉಳಿಯುವುದು ಶುದ್ಧ ಹಣ. ಹೀಗೆ ತಮ್ಮತಮ್ಮಲ್ಲಿ ಗುಣಿಸಿಕೊಳ್ಳದೆ, ರಿಂಗ್‌ನ ಅಳತೆಗಳಿಂದ ಮಾತ್ರ ಗುಣಿಸಲ್ಪಡುವ ವಸ್ತುಗಳ ಕೂಟಕ್ಕೆ 'ಗ್ರೇಡೆಡ್ ಮಾಡ್ಯೂಲ್' ಎಂದು ಹೆಸರು. ಒಂದು ಎಚ್ಚರಿಕೆ: ಎಕರೆ, ಹೆಕ್ಟೇರು ಒಂದೇ ದರ್ಜೆಯವಾದರೂ ಒಂದೇ ಅಳತೆಯಲ್ಲ. ಒಂದು ಹೆಕ್ಟೇರು ಎಂದರೆ 2.47 ಎಕರೆ. ಹೆಕ್ಟೇರಿನ ದರವನ್ನು ಎಕರೆಯದೆಂದು ಹಂಚಿಕೊಂಡರೆ ರೈತರ ನಿರೀಕ್ಷೆ ಸುಮಾರು ಎರಡೂವರೆ ಪಟ್ಟು ಉಬ್ಬುತ್ತದೆ.

ಜ್ಯಾಮಿತಿಗೂ ಇದಕ್ಕೂ ಏನು ನಂಟು?

ಗೌಂಡಿಗಳು ಮೂಲೆ ಮಟ್ಟ ನೋಡಲು 3, 4, 5ರ ಲೆಕ್ಕ ಬಳಸುತ್ತಾರೆ. 9 + 16 = 25. ಅಡಿಯಲ್ಲಿ ಅಳೆದರೂ ಮೀಟರಿನಲ್ಲಿ ಅಳೆದರೂ, 30, 40, 50 ಮಾಡಿದರೂ ಮೂಲೆ ಬದಲಾಗದು. a² + b² = c² ಎಂಬಲ್ಲಿ ಪ್ರತಿ ಪದದ ದರ್ಜೆಯೂ 2 ಆಗಿರುವುದೇ ಕಾರಣ. ಗಾತ್ರ ಮರೆತು ಅನುಪಾತವನ್ನಷ್ಟೇ ನೋಡುವ ಪ್ರಕ್ಷೇಪ ಜ್ಯಾಮಿತಿಯಲ್ಲಿ 3:4:5 ಮತ್ತು 30:40:50 ಒಂದೇ ಬಿಂದು. ಅಲ್ಲಿನ ಆಕೃತಿಗಳನ್ನು ಗಣಿತಜ್ಞರು ಓದುವುದು ಗ್ರೇಡೆಡ್ ರಿಂಗ್‌ಗಳ ಮೂಲಕವೇ.

ಫಾರ್ವರ್ಡ್ ಮಾಡುವ ಮುನ್ನ

• ಪ್ರತಿ ಅಂಕಿಯ ಮುಂದೆ ಟಿಎಂಸಿ, ಕ್ಯುಸೆಕ್, ಅಡಿ ಎಂದು ಬರೆದಿದೆಯೇ?
• ಬೇರೆ ದರ್ಜೆಯವನ್ನು ಕೂಡಿದ್ದಾರೆಯೇ, ಹೋಲಿಸಿದ್ದಾರೆಯೇ?
• ಟಿಎಂಸಿ ಮತ್ತು ಕ್ಯುಸೆಕ್ ಎರಡೂ ಇದ್ದರೆ, ಎಷ್ಟು ಹೊತ್ತು ಎಂದು ಹೇಳಿದ್ದಾರೆಯೇ?
• ದಿನಾಂಕ ಮತ್ತು ಸ್ಥಳ ಇವೆಯೇ?

ಒಂದಕ್ಕಾದರೂ ಉತ್ತರ ಸರಿಬರದಿದ್ದರೆ ಸಂದೇಶವನ್ನು ಮುಂದೆ ಕಳಿಸಬೇಡಿ. ರಾತ್ರೋರಾತ್ರಿ ದನಕರು, ಮಕ್ಕಳನ್ನು ಕಟ್ಟಿಕೊಂಡು ಹೊರಡಬೇಕೋ ಬೇಡವೋ ಎಂದು ನಿಮ್ಮ ಸಂದೇಶ ನೋಡಿ ಯಾರೋ ನಿರ್ಧರಿಸುತ್ತಿರಬಹುದು.