ಇಂಗ್ಲಿಷಿನ ಸಂಬಂಧಾರ್ಥಕ ಸರ್ವನಾಮಗಳು: ಚಾರಿತ್ರಿಕ ಬೆಳವಣಿಗೆ

ಹಿಂದೆ ಬಂದ ನಾಮಪದವನ್ನು ವಿಶೇಷಿಸುವ ಉಪವಾಕ್ಯವನ್ನು ಅದಕ್ಕೆ ಜೋಡಿಸುವ ‘ಹೂ’, ‘ವಿಚ್’, ‘ದಟ್’ ಮೊದಲಾದ ಪದಗಳನ್ನು ಇಂಗ್ಲಿಷ್ ವ್ಯಾಕರಣದಲ್ಲಿ ಸಂಬಂಧಾರ್ಥಕ ಸರ್ವನಾಮಗಳೆಂದೂ ಆ ನಾಮಪದವನ್ನು ಪೂರ್ವಪದವೆಂದೂ ಕರೆಯಲಾಗುತ್ತದೆ. ಕನ್ನಡವು ‘ಬಂದ ಹುಡುಗ’ ಎಂಬಂತೆ ಕೃದಂತದಿಂದ ಸಾಧಿಸುವ ಕೆಲಸವನ್ನು ಇಂಗ್ಲಿಷ್ ಹೀಗೆ ನಾಮಪದದ ಅನಂತರ ಬರುವ ಉಪವಾಕ್ಯದಿಂದ ಸಾಧಿಸುತ್ತದೆ. ಮನುಷ್ಯರಿಗೆ ‘ಹೂ’, ಉಳಿದವಕ್ಕೆ ‘ವಿಚ್’ ಎಂದು ಶಾಲಾ ವ್ಯಾಕರಣಗಳು ವಿಧಿಸುವ ಹಂಚಿಕೆ ಆ ಭಾಷೆಯ ಮೂಲಗುಣವಲ್ಲ. ಅದು ಬಹಳ ತಡವಾಗಿ ನೆಲೆಗೊಂಡದ್ದು.

ಸುಮಾರು 1100ರವರೆಗಿನ ಹಳೆಯ ಇಂಗ್ಲಿಷಿನಲ್ಲಿ ‘ಥೆ’ ಎಂಬ ಅವ್ಯಯ, ಇಲ್ಲವೆ ಲಿಂಗ, ವಚನ, ವಿಭಕ್ತಿಗಳಿಗೆ ತಕ್ಕಂತೆ ರೂಪ ಬದಲಿಸುವ ನಿರ್ದೇಶಕ ಸರ್ವನಾಮ, ಕೆಲವೊಮ್ಮೆ ಎರಡೂ ಒಟ್ಟಾಗಿ, ಈ ಕಾರ್ಯವನ್ನು ನಿರ್ವಹಿಸುತ್ತಿದ್ದವು. ವಿಭಕ್ತಿ ಪ್ರತ್ಯಯಗಳು ಸವೆದು ‘ಥೆ’ಯೂ ಬಳಕೆಯಿಂದ ಜಾರಿದಾಗ, ನಿರ್ದೇಶಕದ ನಪುಂಸಕ ಏಕವಚನ ರೂಪವಾಗಿದ್ದ ‘ದಟ್’ ವ್ಯಕ್ತಿ, ವಸ್ತು, ಏಕ, ಬಹು ಎನ್ನದೆ ಎಲ್ಲ ಪೂರ್ವಪದಗಳಿಗೂ ಸಲ್ಲತೊಡಗಿತು.

ಆದರೆ ‘ದಟ್’ಗೆ ಷಷ್ಠಿಯ ರೂಪವಿರಲಿಲ್ಲ, ‘ಇನ್’, ‘ಟು’ ಮುಂತಾದ ಉಪಸರ್ಗಗಳನ್ನು ಅದರ ಮುಂದಿರಿಸುವ ವಾಡಿಕೆಯೂ ಬೆಳೆಯಲಿಲ್ಲ. ಈ ಕೊರತೆಯ ಜಾಗಕ್ಕೆ, ಅದುವರೆಗೆ ಮುಖ್ಯವಾಗಿ ಪ್ರಶ್ನಾರ್ಥಕಗಳಾಗಿದ್ದ ‘ಹೂಸ್’, ‘ಹೂಮ್’, ‘ವಿಚ್’ ಪದಗಳು 12ನೆಯ ಶತಮಾನದಿಂದ ಮೆಲ್ಲನೆ ಪ್ರವೇಶಿಸಿ, 14ನೆಯ ಶತಮಾನದ ಹೊತ್ತಿಗೆ ಬಲಗೊಂಡವು. ಪ್ರಶ್ನೆಗೂ ಸಂಬಂಧಕ್ಕೂ ಬಹುಮಟ್ಟಿಗೆ ಒಂದೇ ಬಗೆಯ ಪದಗಳನ್ನು ಬಳಸುವ ಲ್ಯಾಟಿನ್, ಫ್ರೆಂಚ್ ಬರವಣಿಗೆಯ ಮಾದರಿಯೂ ಇದಕ್ಕೆ ಒತ್ತಾಸೆಯಾಯಿತು. ಕರ್ತೃಸ್ಥಾನದಲ್ಲಿ ಅಂಥ ಕೊರತೆಯಿಲ್ಲದ ಕಾರಣ ಪ್ರಥಮಾ ವಿಭಕ್ತಿಯ ‘ಹೂ’ ಎಲ್ಲಕ್ಕಿಂತ ಹಿಂದುಳಿಯಿತು. 15ನೆಯ ಶತಮಾನದ ಪ್ಯಾಸ್ಟನ್ ಕುಟುಂಬದ ಪತ್ರಗಳಲ್ಲಿ ಅದು ಹೆಚ್ಚಾಗಿ ಕಾಣುವುದು ದೇವರ ರಕ್ಷಣೆಯನ್ನು ಕೋರುವ ಮುಕ್ತಾಯದ ಒಕ್ಕಣೆಗಳಲ್ಲಿ. 1611ರ ಬೈಬಲ್ ಅನುವಾದದ ಪ್ರಭುವಿನ ಪ್ರಾರ್ಥನೆಯಲ್ಲಿ ದೇವರಿಗೇ ‘ವಿಚ್’ ಪ್ರಯೋಗವಾಗಿದ್ದು, ವ್ಯಕ್ತಿ-ವಸ್ತುಗಳ ಭೇದ ಆಗಲೂ ಗಟ್ಟಿಯಾಗಿರಲಿಲ್ಲವೆಂಬುದು ಸ್ಪಷ್ಟ.

1711ರಲ್ಲಿ ರಿಚರ್ಡ್ ಸ್ಟೀಲ್ ‘ಸ್ಪೆಕ್ಟೇಟರ್’ ಪತ್ರಿಕೆಯಲ್ಲಿ, ‘ದಟ್’ ಎಂಬ ಹೊಸಬ ತಮ್ಮ ಸ್ಥಾನವನ್ನು ಕಬಳಿಸಿದನೆಂದು ‘ಹೂ’, ‘ವಿಚ್’ಗಳು ದೂರುವ ವಿನೋದದ ಬಿನ್ನಹವೊಂದನ್ನು ಪ್ರಕಟಿಸಿದನು. ಚರಿತ್ರೆ ಇದಕ್ಕೆ ತೀರ ವ್ಯತಿರಿಕ್ತವಾಗಿದ್ದು, ಅತಿಕ್ರಮಿಸಿದವರೇ ಇಲ್ಲಿ ಫಿರ್ಯಾದಿಗಳು. ಆದರೂ ಆ ಶತಮಾನದ ಶಿಷ್ಟ ಗದ್ಯ ಬಿನ್ನಹದ ಪರವಾಗಿಯೇ ವಾಲಿತು. 1672ರಲ್ಲೇ ಜಾನ್ ಡ್ರೈಡನ್ ಬೆನ್ ಜಾನ್ಸನ್‌ನ ವಾಕ್ಯಾಂತ್ಯದ ಉಪಸರ್ಗವನ್ನು ದೋಷವೆಂದಿದ್ದನು. ಅದನ್ನು ಸರ್ವನಾಮದ ಮುಂದಕ್ಕೆ ತರಬೇಕೆಂದಾಗ ‘ದಟ್’ ಒಗ್ಗದೆ ‘ಹೂಮ್’ ಅಥವಾ ‘ವಿಚ್’ ಅನಿವಾರ್ಯವಾಗುತ್ತಿತ್ತು.

ಪೂರ್ವಪದವನ್ನು ಗುರುತಿಸಲು ಬೇಕೇಬೇಕಾದ ಉಪವಾಕ್ಯಕ್ಕೆ ‘ದಟ್’, ಕೇವಲ ಹೆಚ್ಚುವರಿ ವಿವರ ನೀಡುವುದಕ್ಕೆ ‘ವಿಚ್’ ಎಂಬ ವಿಭಾಗವನ್ನು ಪ್ರಚುರಪಡಿಸಿದವನು ಎಚ್. ಡಬ್ಲ್ಯೂ. ಫೌಲರ್. 1926ರ ತನ್ನ ಗ್ರಂಥದಲ್ಲಿ ಅದನ್ನು ಸಲಹೆಯಾಗಿ ಮುಂದಿಟ್ಟ ಅವನು, ಹೆಚ್ಚಿನ ಲೇಖಕರಾಗಲಿ ಉತ್ತಮ ಲೇಖಕರಾಗಲಿ ಅದನ್ನು ಪಾಲಿಸುತ್ತಿಲ್ಲವೆಂದು ತಾನೇ ಒಪ್ಪಿಕೊಂಡಿದ್ದನು. ಅಮೆರಿಕದ ಸಂಪಾದಕರು ಆ ಸಲಹೆಯನ್ನು ನಿಯಮದಂತೆ ಅನುಸರಿಸಿದರೆ, ಬ್ರಿಟಿಷ್ ಬರವಣಿಗೆಯಲ್ಲಿ ಎರಡೂ ಪದಗಳು ಮೊದಲ ಬಗೆಯ ಉಪವಾಕ್ಯದಲ್ಲಿ ಇಂದಿಗೂ ಸಲ್ಲುತ್ತವೆ.