ಉಡುಪಿ ಜಿಲ್ಲೆಯಲ್ಲಿ ಎಂಡೋಸಲ್ಫಾನ್ ಬಾಧೆ

ಎಂಡೋಸಲ್ಫಾನ್ ಎಂಬುದು ಆರ್ಗನೋಕ್ಲೋರಿನ್ ವರ್ಗಕ್ಕೆ ಸೇರಿದ ಕೀಟನಾಶಕ. ನರಮಂಡಲಕ್ಕೆ ವಿಷವಾಗಿರುವ ಈ ರಾಸಾಯನಿಕವು ದೇಹದ ಹಾರ್ಮೋನುಗಳ ಕಾರ್ಯವನ್ನೂ ಏರುಪೇರು ಮಾಡಬಲ್ಲದು. ಗೇರು ತೋಟಗಳಿಗೆ ಇದನ್ನು ಸಿಂಪಡಿಸಿದ ಕೇರಳದ ಕಾಸರಗೋಡು ಹಾಗೂ ಕರ್ನಾಟಕದ ಕರಾವಳಿ ಜಿಲ್ಲೆಗಳಲ್ಲಿ ಇದರ ಬಾಧೆ ವರದಿಯಾಗಿದೆ. ಉಡುಪಿ ಜಿಲ್ಲೆಯ ಕುಂದಾಪುರ, ಬೈಂದೂರು ಮತ್ತು ಬ್ರಹ್ಮಾವರ ಭಾಗಗಳಲ್ಲಿಯೂ ಬಾಧಿತರನ್ನು ಗುರುತಿಸಲಾಗಿದೆ.

ಹಿನ್ನೆಲೆ

ಗೇರು ಮರದ ಎಳೆ ಚಿಗುರು ಮತ್ತು ಹೂಗೊಂಚಲಿನ ರಸ ಹೀರಿ ಬೆಳೆಯನ್ನು ಒಣಗಿಸುವ ಕೀಟವನ್ನು ಟೀ ಸೊಳ್ಳೆ ಎನ್ನುತ್ತಾರೆ. ಇದರ ಹತೋಟಿಗಾಗಿ ಕರ್ನಾಟಕ ಗೇರು ಅಭಿವೃದ್ಧಿ ನಿಗಮದ ತೋಟಗಳಲ್ಲಿ ಹೆಲಿಕಾಪ್ಟರ್ ಮೂಲಕ ಎಂಡೋಸಲ್ಫಾನ್ ಸಿಂಪಡಿಸಲಾಯಿತು. ಕಾಸರಗೋಡಿನಲ್ಲಿ ಕೇರಳ ತೋಟಗಾರಿಕಾ ನಿಗಮವು ೨೦೦೦ರವರೆಗೆ, ಎರಡು ದಶಕಗಳಿಗೂ ಹೆಚ್ಚು ಕಾಲ, ಇದೇ ಕ್ರಮವನ್ನು ಅನುಸರಿಸಿತು.

ಕರಾವಳಿಯ ಗೇರು ಗುಡ್ಡಗಳು ಹೆಚ್ಚಾಗಿ ಮುರಕಲ್ಲಿನವು. ಅವುಗಳ ತಪ್ಪಲಿನಲ್ಲಿಯೇ ಮನೆ, ಗದ್ದೆ, ತೋಡು ಮತ್ತು ತೆರೆದ ಬಾವಿಗಳಿರುತ್ತವೆ. ಮೇಲಿನಿಂದ ಸಿಂಪಡಿಸಿದ ದ್ರಾವಣವು ಗಾಳಿಯಲ್ಲಿ ತೇಲಿ, ಮಳೆನೀರಿನೊಡನೆ ಹರಿದು, ಈ ಜಲಮೂಲಗಳನ್ನು ಸೇರಲು ಅವಕಾಶವಿತ್ತು.

ದೇಹದ ಮೇಲಿನ ಪರಿಣಾಮ

ನರಕೋಶಗಳ ಉದ್ರೇಕವನ್ನು ತಗ್ಗಿಸುವ ವ್ಯವಸ್ಥೆಯನ್ನು ಎಂಡೋಸಲ್ಫಾನ್ ತಡೆಯುತ್ತದೆ. ಆದುದರಿಂದ ಹೆಚ್ಚಿನ ಪ್ರಮಾಣದಲ್ಲಿ ದೇಹ ಸೇರಿದಾಗ ನಡುಕ, ಸೆಳೆತ ಮತ್ತು ಮೂರ್ಛೆ ಉಂಟಾಗುತ್ತವೆ. ಇದಕ್ಕೆ ನಿರ್ದಿಷ್ಟ ಪ್ರತಿವಿಷವಿಲ್ಲ.

ಅಲ್ಪ ಪ್ರಮಾಣದಲ್ಲಿ ದೀರ್ಘಕಾಲ ಸೇರಿದಾಗಿನ ಪರಿಣಾಮ ಬೇರೆ ಬಗೆಯದು. ಈ ರಾಸಾಯನಿಕವು ಸ್ತ್ರೀ ಹಾರ್ಮೋನಾದ ಈಸ್ಟ್ರೋಜೆನ್ನನ್ನು ದುರ್ಬಲವಾಗಿ ಅನುಕರಿಸುತ್ತದೆ. ಹಾರ್ಮೋನುಗಳು ಅತ್ಯಲ್ಪ ಪ್ರಮಾಣದಲ್ಲಿಯೇ ಬೆಳವಣಿಗೆಯನ್ನು ನಿಯಂತ್ರಿಸುವುದರಿಂದ ಗರ್ಭಸ್ಥ ಶಿಶುಗಳು ಮತ್ತು ಬೆಳೆಯುವ ಮಕ್ಕಳು ಹೆಚ್ಚು ಅಪಾಯಕ್ಕೆ ಒಳಗಾಗುತ್ತಾರೆ.

ಕಾಸರಗೋಡಿನ ಪಡ್ರೆ ಗ್ರಾಮದಲ್ಲಿ ನಡೆದ ಅಧ್ಯಯನವೊಂದು ೨೦೦೩ರಲ್ಲಿ ಪ್ರಕಟವಾಯಿತು. ಅದರಲ್ಲಿ ಸಿಂಪಡಣೆಗೆ ಒಳಗಾದ ಊರಿನ ೧೧೭ ಬಾಲಕರನ್ನು ಬೇರೊಂದು ಊರಿನ ೯೦ ಬಾಲಕರೊಂದಿಗೆ ಹೋಲಿಸಲಾಯಿತು. ಎಂಡೋಸಲ್ಫಾನ್ ಬಾಲಕರ ಪ್ರೌಢಾವಸ್ಥೆಯನ್ನು ವಿಳಂಬಗೊಳಿಸಿ ಹಾರ್ಮೋನ್ ಉತ್ಪಾದನೆಗೆ ಅಡ್ಡಿಪಡಿಸಬಹುದೆಂದು ಫಲಿತಾಂಶ ಸೂಚಿಸಿತು. ಮಾದರಿಯ ಗಾತ್ರ ಚಿಕ್ಕದೆಂಬ ಮಿತಿಯನ್ನು ಸಂಶೋಧಕರೇ ದಾಖಲಿಸಿದ್ದಾರೆ. ಬುದ್ಧಿಮಾಂದ್ಯತೆ, ಅಪಸ್ಮಾರ, ಅಂಗವೈಕಲ್ಯ ಮತ್ತು ಜನ್ಮಜಾತ ನ್ಯೂನತೆಗಳೂ ಈ ಪ್ರದೇಶಗಳಿಂದ ವರದಿಯಾಗಿವೆ. ಆದರೆ ಒಬ್ಬ ವ್ಯಕ್ತಿಯ ಕಾಯಿಲೆಗೆ ಇದೇ ಕಾರಣವೆಂದು ಹಲವು ವರ್ಷಗಳ ಬಳಿಕ ಸಾಬೀತುಪಡಿಸುವುದು ಕಷ್ಟ. ಬಾಧಿತರನ್ನು ಗುರುತಿಸುವಲ್ಲಿನ ಮುಖ್ಯ ತೊಡಕು ಇದೇ ಆಗಿದೆ.

ಹೋರಾಟ ಮತ್ತು ನಿಷೇಧ

ಪಡ್ರೆಯಲ್ಲಿ ವೈದ್ಯ ಡಾ. ವೈ. ಎಸ್. ಮೋಹನ ಕುಮಾರ್ ಮತ್ತು ಪತ್ರಕರ್ತ ಶ್ರೀ ಪಡ್ರೆ ಅವರು ಈ ಸಮಸ್ಯೆಯನ್ನು ಹೊರಜಗತ್ತಿನ ಗಮನಕ್ಕೆ ತಂದರು. ೨೦೧೧ರ ಆರಂಭದಲ್ಲಿ ಕರ್ನಾಟಕ ಸರ್ಕಾರವು ಎಂಡೋಸಲ್ಫಾನ್ ಬಳಕೆಯನ್ನು ನಿಷೇಧಿಸಿತು. ಅದೇ ವರ್ಷದ ಏಪ್ರಿಲ್‌ನಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ರಾಷ್ಟ್ರಗಳು ಇದನ್ನು ಕೈಬಿಡಬೇಕಾದ ರಾಸಾಯನಿಕಗಳ ಪಟ್ಟಿಗೆ ಸೇರಿಸಿದವು. ಮೇ ೧೩ರಂದು ಭಾರತದ ಸರ್ವೋಚ್ಚ ನ್ಯಾಯಾಲಯವು ದೇಶದಾದ್ಯಂತ ಇದರ ಉತ್ಪಾದನೆ, ಮಾರಾಟ ಮತ್ತು ಬಳಕೆಗೆ ಮಧ್ಯಂತರ ತಡೆ ನೀಡಿತು. ೨೦೧೭ರಲ್ಲಿ ಬಾಧಿತರಿಗೆ ತಲಾ ೫ ಲಕ್ಷ ರೂಪಾಯಿ ಪರಿಹಾರ ನೀಡುವಂತೆ ಇದೇ ನ್ಯಾಯಾಲಯವು ಕೇರಳ ಸರ್ಕಾರಕ್ಕೆ ಆದೇಶಿಸಿತು.

ಪುನರ್ವಸತಿ

ಕರ್ನಾಟಕದಲ್ಲಿ ಗುರುತಿಸಲಾದ ಬಾಧಿತರಿಗೆ ಅಂಗವೈಕಲ್ಯದ ಪ್ರಮಾಣವನ್ನು ಆಧರಿಸಿ ಮಾಸಾಶನ ನೀಡಲಾಗುತ್ತದೆ. ದಕ್ಷಿಣ ಕನ್ನಡದ ಕೊಕ್ಕಡದಲ್ಲಿ ಬಾಧಿತರಿಗಾಗಿ ಹಗಲು ಪಾಲನಾ ಕೇಂದ್ರವನ್ನು ಆರಂಭಿಸಲಾಯಿತು. ಸಿಂಪಡಣೆ ನಿಂತಿದ್ದರೂ ಪೂರ್ಣವಾಗಿ ಇತರರನ್ನು ಅವಲಂಬಿಸಿರುವವರಿಗೆ ಜೀವನಪರ್ಯಂತ ಆರೈಕೆ ಬೇಕಾಗುತ್ತದೆ. ಅವರನ್ನು ನೋಡಿಕೊಳ್ಳುತ್ತಿರುವ ತಂದೆ ತಾಯಿಗಳಿಗೆ ವಯಸ್ಸಾಗುತ್ತಿರುವುದರಿಂದ ಶಾಶ್ವತ ಪಾಲನಾ ವ್ಯವಸ್ಥೆಯ ಅಗತ್ಯ ಹೆಚ್ಚುತ್ತಿದೆ.