ಗಂಧದ ಎಣ್ಣೆ ಇಳಿಸಿದ ಪ್ರಯೋಗಶಾಲೆ

ಶ್ರೀರಾಂಪುರದ ಮೆಟ್ರೊ ನಿಲ್ದಾಣದಲ್ಲಿ ಉತ್ತರಕ್ಕೆ ಹೋಗುವ ರೈಲು ಹತ್ತಿದರೆ ನಾಲ್ಕನೆಯ ನಿಲ್ದಾಣದ ಹೆಸರು ‘ಸ್ಯಾಂಡಲ್ ಸೋಪ್ ಫ್ಯಾಕ್ಟರಿ’. ಅದರ ಮುಂದಿನದು ಯಶವಂತಪುರ. ಅಲ್ಲಿಂದ ಪೂರ್ವಕ್ಕೆ ಸ್ವಲ್ಪ ದೂರ ನಡೆದರೆ, ಹಳಬರ ಬಾಯಲ್ಲಿ ಇಂದಿಗೂ ‘ಟಾಟಾ ಇನ್‌ಸ್ಟಿಟ್ಯೂಟ್’ ಆಗಿಯೇ ಉಳಿದಿರುವ ಭಾರತೀಯ ವಿಜ್ಞಾನ ಸಂಸ್ಥೆ ಸಿಗುತ್ತದೆ. ಎರಡೂ ಇಷ್ಟು ಹತ್ತಿರವಿರುವುದು ಆಕಸ್ಮಿಕ. ಸೋಪಿನ ಕಾರ್ಖಾನೆ ಈಗಿನ ಜಾಗಕ್ಕೆ ಬಂದದ್ದೇ 1957ರಲ್ಲಿ. ಆದರೆ ಅವುಗಳ ನಂಟು ಅದಕ್ಕಿಂತ ನಾಲ್ಕು ದಶಕ ಹಳೆಯದು. ವಿದ್ಯಾಸಂಸ್ಥೆ ಮತ್ತು ಉದ್ಯಮ ಕೈಜೋಡಿಸಬೇಕೆಂದು ಇಂದು ಎಲ್ಲ ಎಂಜಿನಿಯರಿಂಗ್ ಕಾಲೇಜುಗಳೂ ಒಪ್ಪಂದಪತ್ರಗಳಿಗೆ ಸಹಿ ಹಾಕುತ್ತಿವೆ. ಬೆಂಗಳೂರಿನಲ್ಲಿ ಆ ಕೆಲಸ ಶುರುವಾದದ್ದು ಮಾರಾಟವಾಗದೆ ಉಳಿದ ಮರದ ರಾಶಿಯಿಂದ.

ಜಗತ್ತಿನ ಪೇಟೆಗೆ ಹೋಗುತ್ತಿದ್ದ ಶ್ರೀಗಂಧದಲ್ಲಿ ಬಹುಪಾಲು ಮೈಸೂರು ಸೀಮೆಯದು. 1792ರಲ್ಲಿ ಟಿಪ್ಪು ಸುಲ್ತಾನ್ ಗಂಧವನ್ನು ರಾಜವೃಕ್ಷವೆಂದು ಸಾರಿದಂದಿನಿಂದ ಅದು ಸರ್ಕಾರದ ಸ್ವತ್ತು. ಅರಮನೆ ಸರ್ಕಾರ ಮರವನ್ನು ಕಡಿಸಿ, ಹರಾಜು ಹಾಕಿ, ಹಣ ಎಣಿಸಿಕೊಳ್ಳುತ್ತಿತ್ತು. ಮರದ ದೊಡ್ಡ ಪಾಲು ಹಡಗೇರಿ ಜರ್ಮನಿಗೆ ಹೋಗುತ್ತಿತ್ತು. ಎಣ್ಣೆ ತೆಗೆಯುವ ವಿದ್ಯೆ, ಯಂತ್ರ, ಲಾಭ ಎಲ್ಲವೂ ಅಲ್ಲಿ. 1914ರ ಆಗಸ್ಟ್‌ನಲ್ಲಿ ಯುದ್ಧ ಶುರುವಾದಾಗ ಆ ದಾರಿ ಮುಚ್ಚಿತು. ಕೊಳ್ಳುವವರಿಲ್ಲದೆ ಮರ ಕೋಠಿಗಳಲ್ಲಿ ಬಿತ್ತು. ಬೊಕ್ಕಸಕ್ಕೆ ಬರುತ್ತಿದ್ದ ದೊಡ್ಡ ಆದಾಯ ನಿಂತಿತು.

ಆಗ ಮೈಸೂರಿನ ಕೈಗಾರಿಕೆ ಮತ್ತು ವಾಣಿಜ್ಯ ಇಲಾಖೆಯ ನಿರ್ದೇಶಕರಾಗಿದ್ದವರು ಆಲ್‌ಫ್ರೆಡ್ ಚಾಟರ್‌ಟನ್. ಮೂಲತಃ ಅವರು ಮದರಾಸಿನಲ್ಲಿ ಎಂಜಿನಿಯರಿಂಗ್ ಪ್ರಾಧ್ಯಾಪಕರು. ಪಾಠ ಹೇಳುವುದಷ್ಟಕ್ಕೇ ನಿಲ್ಲದೆ, ಅಲ್ಲಿನ ಸ್ಕೂಲ್ ಆಫ್ ಆರ್ಟ್ಸ್‌ನಲ್ಲಿ ಅಲ್ಯೂಮಿನಿಯಂ ಪಾತ್ರೆಗಳನ್ನು ಮಾಡಿಸಿ, ಅದನ್ನೊಂದು ಉದ್ಯಮವಾಗಿ ಬೆಳೆಸಿದ್ದರು. ಅದು ಲಂಡನ್ನಿಗೆ ಹಿಡಿಸಲಿಲ್ಲ. ಸರ್ಕಾರ ಕಾರ್ಖಾನೆ ನಡೆಸಿ ಖಾಸಗಿಯವರಿಗೆ ಪೈಪೋಟಿ ಕೊಡಕೂಡದೆಂದು 1910ರಲ್ಲಿ ಭಾರತ ಮಂತ್ರಿ ಲಾರ್ಡ್ ಮಾರ್ಲೆ ಬರೆದು ಕಳುಹಿಸಿದರು. ಮದರಾಸಿನಲ್ಲಿ ಕೈ ಕಟ್ಟಿಹಾಕಿಸಿಕೊಂಡ ಮನುಷ್ಯನಿಗೆ ಮೈಸೂರಿನಲ್ಲಿ ಬಾಗಿಲು ತೆರೆಯಿತು. ಇಲ್ಲಿ 1912ರಿಂದ 1918ರವರೆಗೆ ದಿವಾನರಾಗಿದ್ದವರೂ ಎಂಜಿನಿಯರೇ, ಎಂ. ವಿಶ್ವೇಶ್ವರಯ್ಯ.

ಚಾಟರ್‌ಟನ್ ಮೊದಲು ತಟ್ಟಿದ್ದು ಟಾಟಾ ಇನ್‌ಸ್ಟಿಟ್ಯೂಟ್‌ನ ಬಾಗಿಲನ್ನು. ಮಹಾರಾಜರು 1907ರಲ್ಲಿ ಕೊಟ್ಟ ಸುಮಾರು 370 ಎಕರೆ ನೆಲದಲ್ಲಿ ಎದ್ದುನಿಂತಿದ್ದ ಆ ಸಂಸ್ಥೆಗೆ ವಿದ್ಯಾರ್ಥಿಗಳು ಬರತೊಡಗಿ ಆಗ ನಾಲ್ಕೈದು ವರ್ಷವಷ್ಟೇ. ಜೆ.ಜೆ. ಸಡ್‌ಬರೋ ಮತ್ತು ಎಚ್.ಇ. ವಾಟ್ಸನ್ ಎಂಬ ಇಬ್ಬರು ರಸಾಯನಶಾಸ್ತ್ರ ಪ್ರಾಧ್ಯಾಪಕರು ಗಂಧದ ಕೆಲಸ ಕೈಗೆತ್ತಿಕೊಂಡರು.

ಕೆಲಸ ಕೇಳಲು ಸುಲಭ. ಮರದ ಚೇಗನ್ನೂ ಬೇರನ್ನೂ ಚೂರು ಮಾಡಿ, ಪುಡಿ ಮಾಡಿ, ಅದರ ಮೂಲಕ ಹಬೆ ಹಾಯಿಸಬೇಕು. ಹಬೆಯೊಂದಿಗೆ ಬಂದ ಎಣ್ಣೆಯನ್ನು ತಣಿಸಿ ಬೇರ್ಪಡಿಸಬೇಕು. ತೊಡಕಿರುವುದು ಗಂಧದ ಸ್ವಭಾವದಲ್ಲಿ. ಅದರ ಸುವಾಸನೆಯ ಜೀವಾಳವಾದ ಸ್ಯಾಂಟಲಾಲ್ ಕುದಿಯುವುದು ಸುಮಾರು 300 ಡಿಗ್ರಿಯಲ್ಲಿ. ಹಾಗಾಗಿ ಗುಲಾಬಿಯಂತೆ ಕೆಲವೇ ತಾಸುಗಳಲ್ಲಿ ಕೆಲಸ ಮುಗಿಯುವುದಿಲ್ಲ, ದಿನಗಟ್ಟಲೆ ಹಬೆ ಹಾಯಬೇಕು. ಅಷ್ಟಾದರೂ ನೂರು ಕಿಲೋ ಮರಕ್ಕೆ ಸಿಗುವ ಎಣ್ಣೆ ನಾಲ್ಕರಿಂದ ಆರು ಕಿಲೋ. ಅವಸರಪಟ್ಟರೆ ಮರದಲ್ಲೇ ಎಣ್ಣೆ ಉಳಿಯುತ್ತದೆ. ಬಿಸಿ ಮೀರಿದರೆ ಬಣ್ಣ, ವಾಸನೆ ಕೆಡುತ್ತವೆ. ಇನ್ನೊಂದು ಮಾತು: ಆಗ ಗಂಧದ ಎಣ್ಣೆ ಬರಿಯ ಸುಗಂಧದ್ರವ್ಯವಾಗಿರಲಿಲ್ಲ. ಆ್ಯಂಟಿಬಯಾಟಿಕ್‌ಗಳು ಬರುವ ಮೊದಲು ಗೊನೋರಿಯಾದಂಥ ರೋಗಕ್ಕೆ ವೈದ್ಯರು ಅದನ್ನೇ ಕೊಡುತ್ತಿದ್ದರು. ಶುದ್ಧತೆಯನ್ನು ಅಳೆದು ತೋರಿಸದಿದ್ದರೆ ವಿದೇಶಿ ಪೇಟೆಯಲ್ಲಿ ಮಾಲಿಗೆ ಬೆಲೆಯಿಲ್ಲ. ಪ್ರಯೋಗಶಾಲೆ ಇಲ್ಲದೆ ಕಾರ್ಖಾನೆ ಸಾಧ್ಯವಿಲ್ಲ ಎನ್ನುವಂತಾದದ್ದು ಇದಕ್ಕೇ.

1916ರ ಮೇ 10ರಂದು ಬೆಂಗಳೂರಿನಲ್ಲಿ ಎಣ್ಣೆಯ ಮೊದಲ ಮಾದರಿ ಸಿದ್ಧವಾಯಿತು. ಅದೇ ವರ್ಷ ಇಲ್ಲಿ, ಮರುವರ್ಷ ಮೈಸೂರಿನಲ್ಲಿ ಎಣ್ಣೆ ಕಾರ್ಖಾನೆಗಳು ನಡೆಯತೊಡಗಿದವು. ಮರ ಮಾರುತ್ತಿದ್ದ ಸರ್ಕಾರ ಎಣ್ಣೆ ಮಾರುವ ಸರ್ಕಾರವಾಯಿತು. ಸೋಪು ಬಂದದ್ದು ಅದರ ಹಿಂದೆಯೇ. ಸೋಸಲೆ ಗರಳಪುರಿ ಶಾಸ್ತ್ರಿ ಎಂಬ ತರುಣ ರಸಾಯನಶಾಸ್ತ್ರಜ್ಞರನ್ನು ಇಂಗ್ಲೆಂಡಿಗೆ ಕಳುಹಿಸಿ ಕಲಿಸಲಾಯಿತು. ಅವರು ಮರಳಿ ಬಂದು ರೂಪಿಸಿದ್ದು ಇಂದಿಗೂ ಶರಭದ ಮುದ್ರೆ ಹೊತ್ತಿರುವ ಮೈಸೂರ್ ಸ್ಯಾಂಡಲ್. ಸರ್ಕಾರಿ ಸೋಪು ಕಾರ್ಖಾನೆ ಮೊದಲು ಇದ್ದದ್ದು ಈಗಿನ ಕೆ.ಆರ್. ವೃತ್ತದ ಬಳಿ. ವಿಶ್ವೇಶ್ವರಯ್ಯನವರ ಎಂಜಿನಿಯರಿಂಗ್ ಕಾಲೇಜು (ಇಂದಿನ ಯುವಿಸಿಇ) 1917ರಲ್ಲಿ ಹುಟ್ಟಿದ್ದರಿಂದ ಎರಡೂ ಹೆಚ್ಚು ಕಡಿಮೆ ಒಂದೇ ಓರಗೆಯವು.

ಗಮನಿಸಬೇಕಾದದ್ದು ಒಪ್ಪಂದದ ಕಾಗದವನ್ನಲ್ಲ, ತರಗತಿಯಿಂದ ಕಾರ್ಖಾನೆಗೆ ನಡೆದುಹೋದ ಮನುಷ್ಯರನ್ನು. ಕಾಲು ಶತಮಾನದ ಮೇಲೆ ಇನ್ನೊಂದು ಯುದ್ಧದಲ್ಲಿ ಇದೇ ಮರುಕಳಿಸಿತು. 1940ರ ಡಿಸೆಂಬರ್‌ನಲ್ಲಿ ವಾಲ್‌ಚಂದ್ ಹೀರಾಚಂದ್ ಮೈಸೂರು ಸರ್ಕಾರದ ಜೊತೆಗೂಡಿ ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆ ತೆರೆದರು. ಅದಾದ ಎರಡು ವರ್ಷಕ್ಕೆ ಟಾಟಾ ಇನ್‌ಸ್ಟಿಟ್ಯೂಟ್‌ನಲ್ಲಿ ಏರೋನಾಟಿಕಲ್ ಎಂಜಿನಿಯರಿಂಗ್ ವಿಭಾಗ ಆರಂಭವಾಯಿತು. ಅದನ್ನು ಕಟ್ಟಿದ ವಿ.ಎಂ. ಘಾಟಗೆ, ಜರ್ಮನಿಯ ಪ್ರಸಿದ್ಧ ವಿಜ್ಞಾನಿ ಪ್ರಾಂಟ್ಲ್ ಅವರ ಶಿಷ್ಯರು. ಮುಂದೆ ಅವರು ಎಚ್‌ಎಎಲ್‌ನ ಮುಖ್ಯ ವಿನ್ಯಾಸಕರಾದರು. ಅವರು ವಿನ್ಯಾಸ ಮಾಡಿದ ಎಚ್‌ಟಿ-2 ತರಬೇತಿ ವಿಮಾನ 1951ರ ಆಗಸ್ಟ್‌ನಲ್ಲಿ ಹಾರಿತು.

ಗಂಧದ ಕಥೆಗೆ ಮಾತ್ರ ಅಂಥ ಸುಖಾಂತ್ಯವಿಲ್ಲ. ಎಣ್ಣೆ ಇಳಿಸುವ ಸಮಸ್ಯೆ ಎರಡು ವರ್ಷದೊಳಗೆ ಬಗೆಹರಿಯಿತು. ಮರದ ಸಮಸ್ಯೆ ಹಾಗೆಯೇ ಉಳಿಯಿತು. 1899ರಲ್ಲಿ ಕೊಡಗಿನಲ್ಲಿ ಮೊದಲು ಕಂಡ ‘ಸ್ಪೈಕ್’ ರೋಗ, ಎಲೆಗಳನ್ನು ಕಿರಿದಾಗಿಸಿ ಕೆಲವೇ ವರ್ಷಗಳಲ್ಲಿ ಮರವನ್ನು ಕೊಲ್ಲುತ್ತದೆ. 1920 ಮತ್ತು 30ರ ದಶಕಗಳಲ್ಲಿ ಟಾಟಾ ಇನ್‌ಸ್ಟಿಟ್ಯೂಟ್‌ನ ಜೀವರಸಾಯನ ವಿಭಾಗದಲ್ಲಿ ಎಂ. ಶ್ರೀನಿವಾಸಯ್ಯ ಮತ್ತು ಸಂಗಡಿಗರು ಅದರ ಬೆನ್ನು ಹತ್ತಿದರು. ರೋಗಕ್ಕೆ ಕಾರಣವಾದ ಸೂಕ್ಷ್ಮಜೀವಿ 1969ರಲ್ಲಿ ಪತ್ತೆಯಾಯಿತು. ಮದ್ದು ಇನ್ನೂ ಸಿಕ್ಕಿಲ್ಲ. ಜೊತೆಗೆ ಕಳ್ಳಸಾಗಣೆ. ತಮ್ಮ ಜಮೀನಿನಲ್ಲಿ ಬೆಳೆದ ಮರವೂ ಸರ್ಕಾರದ್ದೇ ಎಂದಾದಾಗ ರೈತರಾದರೂ ಅದನ್ನು ಯಾಕೆ ಕಾಯುತ್ತಾರೆ? ಆ ಕಾನೂನು ಬದಲಾದದ್ದು 2001ರಲ್ಲಿ. ಸೋಪು ಕಾರ್ಖಾನೆಗೆ ಈಗ ಮರವೇ ಅಭಾವ. ಆ ಮರವನ್ನು ಉಳಿಸುವ, ಬೆಳೆಸುವ ಸಂಶೋಧನೆ ಮಲ್ಲೇಶ್ವರದ 18ನೇ ಕ್ರಾಸ್‌ನಲ್ಲಿರುವ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಲ್ಲಿ ನಡೆದಿದೆ.